ದುಡ್ಡು ಕೊಟ್ಟು ಕೊಂಡ ಗ್ರಾವೆಲ್ ಮಾರ್ಗವನ್ನು ನಂಬಿ ಹೊಳೆಗೆ ಇಳಿಯಬೇಡಿ

ಎತ್ತರದ ಪಾಸ್ (ಬೆಟ್ಟಸಾಲನ್ನು ದಾಟುವ ದಾರಿ) ಹತ್ತಿ, ಆಚೆ ಬದಿಯ ನದಿ ಕಣಿವೆಗೆ ಇಳಿಯುವ ಗ್ರಾವೆಲ್, ಅಂದರೆ ಜಲ್ಲಿ ಮಣ್ಣಿನ, ಸೈಕಲ್ ಮಾರ್ಗಗಳ ಜಿಪಿಎಕ್ಸ್ (ಸೈಕಲ್ ಕಂಪ್ಯೂಟರಿಗೆ ಹಾಕಿಕೊಂಡು ಹಿಂಬಾಲಿಸುವ ದಾರಿಯ ಬಿಂದುಗಳ) ಫೈಲ್‌ಗಳನ್ನು ಈಗ ಹಲವರು ಮಾರುತ್ತಿದ್ದಾರೆ. ಅವುಗಳಲ್ಲಿ ಕೆಲವು ದಾರಿಗಳಲ್ಲಿ ಮಾರುವವರ ಸೈಕಲ್ ಒಮ್ಮೆಯೂ ಓಡಿಲ್ಲ. ಕಂಪ್ಯೂಟರ್ ಮುಂದೆ ಕುಳಿತು ನಕ್ಷೆಯ ಮೇಲೆ ಎಳೆದ ಗೆರೆಗಳು ಅವು. ಅಂಥದೊಂದು ಗೆರೆ ನನ್ನನ್ನೂ ನನ್ನ ಗೆಳೆಯನನ್ನೂ ಉಕ್ಕಿ ಹರಿಯುವ ಹೊಳೆಯ ದಡಕ್ಕೆ, ಹೊತ್ತು ಇಳಿಯುವ ವೇಳೆಗೆ ತಂದು ನಿಲ್ಲಿಸಿತು. ಬೇರೆ ಯಾರಿಗೂ ಹೀಗಾಗಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಕೊಳ್ಳುವ ಮೊದಲೇ ನಾವು ಮಾರಾಟಗಾರರನ್ನು ಬರಹದಲ್ಲಿ ಕೇಳಿದ್ದೆವು: ಈ ದಾರಿಯಲ್ಲಿ ನೀವೇ ಸೈಕಲ್ ಓಡಿಸಿದ್ದೀರಾ? ಹೊಳೆಗಳನ್ನು ದಾಟುವುದು ಹೇಗೆ? ಓಡಿಸಿದ್ದೇವೆ, ಎಲ್ಲ ಕಡೆಯೂ ಸೇತುವೆ ಇದೆ ಎಂಬ ಉತ್ತರ ಬಂತು. ಎರಡೂ ಸುಳ್ಳು.

ಮೊದಲ ಗುಮಾನಿ ಬಂದದ್ದು ಏರಿನಲ್ಲಿ. ಕಿರಿದಾದ ಕೊರಕಲಿನಲ್ಲಿ ದಾರಿ ಹೆಚ್ಚುಕಡಿಮೆ ಸಮತಟ್ಟಾಗಿ ಸಾಗುತ್ತಿದ್ದರೆ, ಫೈಲಿನ ಎತ್ತರದ ಚಿತ್ರ ಮಾತ್ರ ಗರಗಸದ ಹಲ್ಲಿನಂತೆ ಏರಿಳಿಯುತ್ತಿತ್ತು. ಇದಕ್ಕೆ ಕಾರಣವಿದೆ. ಮಾರ್ಗ ರೂಪಿಸುವ ಅನೇಕ ತಂತ್ರಾಂಶಗಳು ಎತ್ತರವನ್ನು ತೆಗೆದುಕೊಳ್ಳುವುದು 2000ರ ಫೆಬ್ರವರಿಯಲ್ಲಿ ನಾಸಾದ ಬಾಹ್ಯಾಕಾಶ ನೌಕೆ ಎಂಡೆವರ್ 11 ದಿನ ರಾಡಾರ್ ಹಾಯಿಸಿ ಅಳೆದ ಮಾಹಿತಿಯಿಂದ, ಇಲ್ಲವೇ ಅದೇ ಬಗೆಯ ಮಾಹಿತಿಯಿಂದ. ಅದರಲ್ಲಿ ಸುಮಾರು 30 ಮೀಟರಿಗೆ ಒಂದು ಬಿಂದು. ಗೆರೆ ನಾಲ್ಕು ಮಾರು ಪಕ್ಕಕ್ಕೆ ಸರಿದರೆ ಸಾಕು, ದಾರಿಯ ಬದಲು ಬಂಡೆಯ ಗೋಡೆಯ ಎತ್ತರ ಸೇರಿಕೊಳ್ಳುತ್ತದೆ. ಕಡಿದಾದ ಕಣಿವೆಗಳಲ್ಲಿ ರಾಡಾರಿಗೆ ಕಾಣದ ಜಾಗಗಳನ್ನು ಅಂದಾಜಿನಿಂದಲೇ ತುಂಬಿರುತ್ತಾರೆ. ನಿಜವಾಗಿ ಓಡಿಸಿದವರ ಸೈಕಲ್ ಕಂಪ್ಯೂಟರ್‌ನಲ್ಲಿ ಗಾಳಿಯ ಒತ್ತಡ ಅಳೆಯುವ ಸಾಧನವಿದ್ದರೆ ಇಷ್ಟೊಂದು ಹಲ್ಲುಗಳು ಮೂಡುವುದಿಲ್ಲ.

ಪಾಸ್‌ನ ಕೊನೆಯ ಭಾಗದಲ್ಲಿ ಗ್ರಾವೆಲ್ ಎಂಬುದೇ ಇರಲಿಲ್ಲ. ಸಡಿಲ ಕಲ್ಲುಗಳ ಕಾಲುದಾರಿ. ಸೈಕಲ್ ತಳ್ಳಿಕೊಂಡು, ಕೆಲವೆಡೆ ಹೆಗಲಿಗೇರಿಸಿಕೊಂಡು ನೆತ್ತಿ ತಲುಪುವಷ್ಟರಲ್ಲಿ ಫೈಲಿನ ವೇಳಾಪಟ್ಟಿಗಿಂತ ಬಹಳ ತಡವಾಗಿತ್ತು. ಆ ತಡವೇ ಮುಂದಿನ ಅಪಾಯಕ್ಕೆ ದಾರಿ ಮಾಡಿತು, ಏಕೆಂದರೆ ಹಿಮ ಕರಗಿ ಬರುವ ಹೊಳೆಗೆ ತನ್ನದೇ ಗಡಿಯಾರವಿದೆ. ರಾತ್ರಿಯ ಚಳಿಗೆ ಕರಗುವಿಕೆ ಕುಗ್ಗಿ, ನಸುಕಿನಲ್ಲಿ ನೀರು ಅತಿ ಕಡಿಮೆ ಇರುತ್ತದೆ. ಬಿಸಿಲೇರಿದಂತೆ ಹೆಚ್ಚುತ್ತಾ ಹೋಗಿ ಮಧ್ಯಾಹ್ನದ ನಂತರ, ಹಿಮನದಿಯಿಂದ ದೂರದಲ್ಲಿದ್ದರೆ ಇನ್ನೂ ತಡವಾಗಿ, ಸಂಜೆ ರಾತ್ರಿಗಳಲ್ಲಿ, ಉಬ್ಬರ ತಲುಪುತ್ತದೆ. ಬೆಳಿಗ್ಗೆ ಪಾಸ್ ಹತ್ತಿ ಸಂಜೆ ಕಣಿವೆಗೆ ಇಳಿಯುವ ಯಾವುದೇ ಮಾರ್ಗ ನಿಮ್ಮನ್ನು ತುಂಬಿದ ಹೊಳೆಯ ಹೊತ್ತಿಗೇ ಅಲ್ಲಿಗೆ ಮುಟ್ಟಿಸುತ್ತದೆ. ಆ ದಾರಿಯಲ್ಲಿ ಒಮ್ಮೆಯಾದರೂ ಹೋದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ನಾವು ಇಳಿದಾಗ ಸೇತುವೆ ಇರಲಿಲ್ಲ. ಸೇತುವೆ ಇದ್ದ ಕುರುಹೂ ಇರಲಿಲ್ಲ. ಬೂದಿ ಬಣ್ಣದ ನೀರು, ತಳ ಕಾಣದು. ಗೆಳೆಯ ಕೋಲು ಊರಿ ಎರಡು ಹೆಜ್ಜೆ ಇಟ್ಟ. ನೀರು ಮೊಣಕಾಲಿನಷ್ಟೇ ಇತ್ತು, ಆದರೂ ಅವನ ಕಾಲಡಿಯ ಜಲ್ಲಿ ಜಾರುತ್ತಿರುವುದು ಅವನ ಮೈ ತೂಗಾಡುವುದರಲ್ಲೇ ತಿಳಿಯುತ್ತಿತ್ತು. ದಡದಲ್ಲಿ ನಿಂತ ನನಗೆ ನೀರಿನ ಮೊರೆತದ ಕೆಳಗಿನಿಂದ ಇನ್ನೊಂದು ಸದ್ದು ಕೇಳಿಸಿತು: ಗುಡ್, ಗುಡ್ ಎಂದು ಕಲ್ಲುಗುಂಡುಗಳು ತಳದಲ್ಲಿ ಉರುಳುವ ಸದ್ದು. ಕೂಗಿ ಅವನನ್ನು ಹಿಂದಕ್ಕೆ ಕರೆದೆ. ಈ ಸದ್ದು ಕೇಳಿದರೆ ದಯವಿಟ್ಟು ನೀರಿಗೆ ಇಳಿಯಬೇಡಿ. ನೀರಿನ ವೇಗ ಎರಡು ಪಟ್ಟಾದರೆ ನಿಮ್ಮ ಕಾಲಿನ ಮೇಲಿನ ನೂಕು ಬಲ ನಾಲ್ಕು ಪಟ್ಟಾಗುತ್ತದೆ, ಮೊಣಕಾಲೆತ್ತರದ ನೀರೇ ಗಟ್ಟಿ ಆಳನ್ನು ಕೆಡವಬಲ್ಲದು. ಜೊತೆಗೆ ಸಾಮಾನು ಕಟ್ಟಿದ ಸೈಕಲ್ ಪ್ರವಾಹಕ್ಕೆ ಅಡ್ಡ ನಿಂತರೆ ಅದರ ಎಳೆತವೂ ಸೇರುತ್ತದೆ.

ರಾತ್ರಿ ದಡದ ಮೇಲಿನ ದಿಣ್ಣೆಯಲ್ಲೇ ಕಳೆಯಬೇಕಾಯಿತು. ಪ್ರತಿ ಸಾವಿರ ಮೀಟರ್ ಎತ್ತರಕ್ಕೆ ಸರಾಸರಿ ಆರೂವರೆ ಡಿಗ್ರಿ ಸೆಲ್ಸಿಯಸ್ ತಂಪು ಹೆಚ್ಚುತ್ತದೆ, ಅದರ ಮೇಲೆ ಗೆಳೆಯನ ಬೂಟು, ಕಾಲುಚೀಲ ಎಲ್ಲ ತೊಯ್ದಿದ್ದವು. ಅವನ ಮಾತು ತೊದಲತೊಡಗಿದಾಗ ನನಗೆ ನಿಜಕ್ಕೂ ಭಯವಾಯಿತು. ಒದ್ದೆ ಬಟ್ಟೆ ತೆಗೆಸಿ, ಇದ್ದಬದ್ದ ಒಣ ಬಟ್ಟೆಯನ್ನೆಲ್ಲ ಹೊದಿಸಿ, ನಿದ್ದೆಯ ಚೀಲದಲ್ಲಿ ಮಲಗಿಸಿದ ಮೇಲೆ ನಿಧಾನವಾಗಿ ಚೇತರಿಸಿಕೊಂಡ. ಬೆಳಕು ಹರಿಯುವಾಗ ಅದೇ ಹೊಳೆ ಮೀನಖಂಡದವರೆಗಷ್ಟೇ ಇತ್ತು. ಹೊಳೆ ಅಗಲವಾಗಿ ಕವಲೊಡೆದ ಕಡೆ, ಬೆನ್ನಿನ ಚೀಲದ ಪಟ್ಟಿಗಳನ್ನು ಸಡಿಲಿಸಿಕೊಂಡು, ಸೈಕಲನ್ನು ನೀರು ಹರಿದು ಹೋಗುವ ದಿಕ್ಕಿನಲ್ಲಿ ಹಿಡಿದು ದಾಟಿದೆವು. ಮುಂದೆ ಇಳಿಜಾರಿನಲ್ಲಿ ನನ್ನ ಹಿಂದಿನ ಬ್ರೇಕ್ ಲೋಹ ಉಜ್ಜುವ ಸದ್ದು ಮಾಡತೊಡಗಿತು. ಹಿಮನದಿಯ ಸಣ್ಣ ಮಣ್ಣು ರಾಳ ಬೆರೆಸಿ ಮಾಡಿದ ರೆಸಿನ್ ಬ್ರೇಕ್ ಪ್ಯಾಡ್‌ಗಳನ್ನು ಅರೆದು ಹಾಕಿತ್ತು. ಇಂಥ ಕಣಿವೆಗೆ ಹೋಗುವವರು ಸಿಂಟರ್ಡ್ ಲೋಹದ ಪ್ಯಾಡ್ ಹಾಕಿಸಿಕೊಂಡು, ಒಂದು ಜೊತೆ ಹೆಚ್ಚಿಗೆಯೂ ಇಟ್ಟುಕೊಳ್ಳಿ.

ಹಿಂತಿರುಗಿದ ಮೇಲೆ ದೂರು ಕೊಟ್ಟೆವು. ‘ಈ ಫೈಲ್ ಪ್ರೇರಣೆಗಾಗಿ ಮಾತ್ರ’ ಎಂಬ ಒಂದು ಸಾಲಿನ ಉತ್ತರ. ಮಾರುವಾಗ ಆ ಮಾತು ಎಲ್ಲಿಯೂ ಇರಲಿಲ್ಲ. ಮನುಷ್ಯರನ್ನು ಹೊಳೆಗೆ ಕಳಿಸುವ ಸರಕಿಗೆ ಇಂಥ ಉತ್ತರ ಕೊಡುವುದು ನಾಚಿಕೆಗೇಡು.

ಎಳೆದ ಗೆರೆಯನ್ನು ಪತ್ತೆ ಹಚ್ಚುವುದು ಕಷ್ಟವಲ್ಲ. ಜಿಪಿಎಕ್ಸ್ ಫೈಲನ್ನು ಯಾವುದೇ ಸಾದಾ ಪಠ್ಯ ತಂತ್ರಾಂಶದಲ್ಲಿ ತೆರೆಯಬಹುದು. ಓಡಿಸುತ್ತಾ ದಾಖಲಿಸಿದ ಫೈಲಿನಲ್ಲಿ ಸಾಮಾನ್ಯವಾಗಿ ಪ್ರತಿ ಬಿಂದುವಿನ ಜೊತೆ ದಿನಾಂಕ, ಸಮಯ ಇರುತ್ತದೆ. ಏರಿನಲ್ಲಿ ನಿಧಾನ, ಇಳಿಜಾರಿನಲ್ಲಿ ವೇಗ, ನಡುವೆ ನಿಂತದ್ದು, ದಾರಿ ತಪ್ಪಿ ತಿರುಗಿದ್ದು ಎಲ್ಲ ಕಾಣುತ್ತದೆ. ಸಮಯವಿದ್ದೂ ಏರಿಗೂ ಇಳಿಜಾರಿಗೂ ಒಂದೇ ವೇಗ ಕಂಡರೆ ಅದನ್ನು ತಂತ್ರಾಂಶವೇ ತುಂಬಿದೆ. ಗೌಪ್ಯತೆಗಾಗಿ ಸಮಯ ಅಳಿಸುವವರೂ ಇದ್ದಾರೆ. ಆಗ ಮೂಲ ದಾಖಲೆಯನ್ನೂ, ಹೊಳೆ ದಾಟುವ ಜಾಗದ ಫೋಟೋವನ್ನೂ, ತೆಗೆದ ತಿಂಗಳನ್ನೂ ಕೇಳಿ.

ಉಪಗ್ರಹ ಚಿತ್ರ ನೋಡಿ ಹೊಳೆ ಸಣ್ಣದೆಂದು ನಿರ್ಧರಿಸುವುದೂ ಬೇಡ. ಲ್ಯಾಂಡ್‌ಸ್ಯಾಟ್, ಸೆಂಟಿನೆಲ್-2 ಉಪಗ್ರಹಗಳು ಹಾದು ಹೋಗುವುದು ಆಯಾ ಸ್ಥಳದ ಬೆಳಗಿನ ಹತ್ತು, ಹತ್ತೂವರೆಯ ಆಸುಪಾಸಿನಲ್ಲಿ. ಸಂಜೆಯ ಉಬ್ಬರ ಆ ಚಿತ್ರಗಳಲ್ಲಿ ಇರುವುದೇ ಇಲ್ಲ. ಜನರೇ ಸೇರಿ ತುಂಬುವ ಅಂತರ್ಜಾಲ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ದಾರಿ ಹೊಳೆಯನ್ನು ಕತ್ತರಿಸುವ ಬಿಂದುವಿನಲ್ಲಿ ಸೇತುವೆಯ ಗುರುತಾಗಲಿ, ನೀರಿಗಿಳಿದು ದಾಟುವ ‘ಫೋರ್ಡ್’ ಗುರುತಾಗಲಿ ಇಲ್ಲದಿದ್ದರೆ, ಅಲ್ಲಿ ಏನಿದೆ ಎಂದು ಹೋಗಿ ನೋಡಿದವರು ಯಾರೂ ಅದನ್ನು ಬರೆದಿಲ್ಲ ಎಂದೇ ಲೆಕ್ಕ ಹಾಕಿ. ಅಂಥ ಬಿಂದುವಿದ್ದರೆ ಆ ದಿನದ ಓಟವನ್ನು ಹೊಳೆಗೆ ಮೊದಲೇ ನಿಲ್ಲಿಸಿ, ನಸುಕಿನಲ್ಲಿ ದಾಟುವಂತೆ ಯೋಜಿಸಿ. ದಾಟಲಾಗದಿದ್ದರೆ ಪಾಸ್ ಹತ್ತಿ ಹಿಂದಕ್ಕೆ ಬರಲು ಬೇಕಾಗುವ ಆಹಾರವೂ ಚೀಲದಲ್ಲಿರಲಿ.