ವಾಯೆ ರೆಬೊದಲ್ಲಿ ಒಂದು ರಾತ್ರಿ: ನಮ್ಮ ಕಡೆಯವರಿಗೆ ಒಗ್ಗುತ್ತದಾ?

ಬೆಂಗಳೂರಿನಿಂದ ಡೆನ್‌ಪಸಾರ್‌ಗೆ 2024ರಲ್ಲಿ ನೇರ ವಿಮಾನ ಶುರುವಾದ ಮೇಲೆ ಬಾಲಿ ನೋಡಿಬಂದವರು ಶಿರಸಿ, ಕಾರವಾರದಲ್ಲೂ ಸಿಗುತ್ತಾರೆ. ಬಾಲಿಯಿಂದ ಇನ್ನೊಂದು ಗಂಟೆ ಚಿಲ್ಲರೆ ಹಾರಿದರೆ ಫ್ಲೋರೆಸ್ ದ್ವೀಪ. ಅಲ್ಲಿಗೆ ಹೋದವರಲ್ಲಿ ಹೆಚ್ಚಿನವರು ಕೊಮೊಡೊ ಉಡ ನೋಡಿ ತಿರುಗಿಬಿಡುತ್ತಾರೆ. ಅದೇ ದ್ವೀಪದ ಮಂಗರಾಯ್ ಜಿಲ್ಲೆಯ ಗುಡ್ಡದ ಮೇಲೆ, ಸಮುದ್ರಮಟ್ಟದಿಂದ ಸಾವಿರದ ನೂರು-ಇನ್ನೂರು ಮೀಟರ್ ಎತ್ತರದಲ್ಲಿ, ಏಳು ದೊಡ್ಡ ಶಂಕುಮನೆಗಳ ಊರೊಂದಿದೆ: ವಾಯೆ ರೆಬೊ. ರಾತ್ರಿ ಉಳಿಯುವ ವ್ಯವಸ್ಥೆಯನ್ನು ಊರಿನವರೇ ನಡೆಸುತ್ತಾರೆ. ಮನೆ, ಕಾಫಿ, ಅಲ್ಲಿನ ರೀತಿ-ರಿವಾಜಿಗೆ ಪೂರ್ತಿ ಅಂಕ. ಶುದ್ಧ ಸಸ್ಯಾಹಾರಿಗೆ ಊಟ ಅರ್ಧ ಅಂಕದ್ದು. ಮಂಡಿನೋವಿದ್ದವರು ಮುಂದೆ ಓದಿ ಆಸೆ ಹುಟ್ಟಿಸಿಕೊಳ್ಳದಿದ್ದರೆ ಒಳ್ಳೆಯದು.

ಮೊದಲು ಮನೆ, ಯಾಕೆಂದರೆ ಕೊಡುವ ದುಡ್ಡು ಅದಕ್ಕೇ. ಅಲ್ಲಿನವರು ಅದನ್ನು ಮ್ಬಾರು ನಿಯಾಂಗ್ ಎನ್ನುತ್ತಾರೆ. ಎತ್ತರ ಹದಿನೈದು ಮೀಟರಿನ ಆಸುಪಾಸು. ಮಾಡು ತುದಿಯಿಂದ ಹೆಚ್ಚುಕಡಿಮೆ ನೆಲದವರೆಗೂ ಇಳಿದಿರುವುದರಿಂದ ಹೊರಗಿಂದ ನೋಡಿದರೆ ಗೋಡೆಯೇ ಕಾಣದು. ಮೊಳೆ ಇಲ್ಲ, ಎಲ್ಲ ಬೆತ್ತದ ಕಟ್ಟು. ಒಳಗೆ ಐದು ಅಂತಸ್ತು. ಕೆಳಗಿನ ಲುತುರ್‌ನಲ್ಲಿ ಜನ ಇರುತ್ತಾರೆ. ಅದರ ಮೇಲೆ ಲೋಬೊ, ಕಾಳುಕಡಿ ಮತ್ತು ಮನೆಸಾಮಾನಿಗೆ. ಲೆಂತಾರ್ ಬಿತ್ತನೆ ಬೀಜಕ್ಕೆ. ಲೆಂಪಾ ರಾಯೆ ಬರಗಾಲದ ದಾಸ್ತಾನಿಗೆ. ತುದಿಯ ಹೆಕಾಂಗ್ ಕೋದೆಯಲ್ಲಿ ಹಿರಿಯರಿಗೆ ಎಡೆ. ಊರಿನವರು ವಾಸವಿರುವ ಮನೆಗಳಲ್ಲಿ ಒಲೆ ನಡುಮನೆಯಲ್ಲೇ ಉರಿಯುತ್ತದೆ. ಹೊಗೆ ಅಟ್ಟಗಳನ್ನು ದಾಟಿ ಮಾಡಿನೊಳಗಿಂದ ಸೋಸಿ ಹೋಗುತ್ತದೆ, ಕಾಳಿಗೂ ಹೊದಿಕೆಗೂ ಹುಳ ಹಿಡಿಯುವುದು ಕಡಿಮೆಯಾಗುತ್ತದೆ. ಅಡಿಕೆ ಒಣಗಿಸುವ ಹೊಗೆ ಅಟ್ಟ ಕಂಡವರಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ಕಣ್ಣುರಿ ಮಾತ್ರ ನಮ್ಮಲ್ಲಿಗಿಂತ ಒಂದು ತೂಕ ಹೆಚ್ಚು.

ಈ ಮನೆಗಳು ಉಳಿದದ್ದೇ ದೊಡ್ಡದು. 2008ರ ಹೊತ್ತಿಗೆ ನಿಂತಿದ್ದವು ನಾಲ್ಕೇ. ಜಕಾರ್ತದ ವಾಸ್ತುಶಿಲ್ಪಿ ಯೋರಿ ಅಂತಾರ್ ಮತ್ತು ಜೊತೆಯವರು ಊರಿನವರೊಂದಿಗೆ ಸೇರಿ ಇಲ್ಲವಾಗಿದ್ದ ಮನೆಗಳನ್ನು ಹಳೆಯ ಕ್ರಮದಲ್ಲೇ ಮತ್ತೆ ಕಟ್ಟಿದರು. 2012ರಲ್ಲಿ ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಪಾರಂಪರಿಕ ಸಂರಕ್ಷಣಾ ಪ್ರಶಸ್ತಿಯಲ್ಲಿ ಮೊದಲ ದರ್ಜೆ ಬಂತು. ಹೊರಗಿನ ಗುತ್ತಿಗೆದಾರ ಬಂದು ಕಟ್ಟಿಕೊಟ್ಟು ಹೋಗಿದ್ದರೆ ಮುಂದಿನ ರಿಪೇರಿಗೂ ಅವನನ್ನೇ ಕಾಯಬೇಕಿತ್ತು. ಇಲ್ಲಿ ಕಟ್ಟು ಹಾಕುವ ಕೈ ಊರಲ್ಲೇ ಉಳಿಯಿತು.

ದಾರಿ. ಭಾರತದ ಪಾಸ್‌ಪೋರ್ಟಿಗೆ ಇಳಿದ ಮೇಲೆ ವೀಸಾ ಸಿಗುತ್ತದೆ: 5,00,000 ರುಪಿಯಾ, 30 ದಿನ. ಬಾಲಿಯಲ್ಲೂ ಸುತ್ತಾಡುವುದಿದ್ದರೆ ಅಲ್ಲಿನ ಪ್ರವಾಸಿ ಶುಲ್ಕ 1,50,000 ಬೇರೆ. ಫ್ಲೋರೆಸ್‌ನ ಲಾಬುವಾನ್ ಬಾಜೊದಲ್ಲಿ ಇಳಿದು, ಕಾರಿನಲ್ಲಿ ದಕ್ಷಿಣ ಕರಾವಳಿಯ ಕಡೆ ಐದಾರು ಗಂಟೆ ಹೋದರೆ ದೆಂಗೆ ಎಂಬ ಊರು. ದೇವಿಮನೆ ಘಟ್ಟದಲ್ಲಿ ವಾಂತಿ ಮಾಡಿಕೊಳ್ಳುವವರು ಮಾತ್ರೆ ನುಂಗಿಯೇ ಕಾರು ಹತ್ತಲಿ. ರುತೆಂಗ್ ಪೇಟೆಯಿಂದ ಬಂದರೆ ಹಾದಿ ಅರ್ಧ. ನಗದು ಲಾಬುವಾನ್ ಬಾಜೊ ಅಥವಾ ರುತೆಂಗ್‌ನಲ್ಲೇ ತೆಗೆದುಕೊಳ್ಳಿ, ಮೇಲೆ ಎಟಿಎಂ ಇಲ್ಲ, ಕಾರ್ಡೂ ನಡೆಯದು.

ದೆಂಗೆಯಿಂದ ವಾಯೆ ಲೊಂಬಾ ಎಂಬ ಮೊದಲ ಠಾಣೆಯವರೆಗೆ ಓಜೆಕ್, ಅಂದರೆ ಬಾಡಿಗೆ ಬೈಕು. ಅಲ್ಲಿಂದ ಕಾಡಿನ ಏರು, ಸಾಧಾರಣ ನಡಿಗೆಯವರಿಗೆ ಎರಡು-ಎರಡೂವರೆ ಗಂಟೆ. ಮೊದಲ ಒಂದು ತಾಸಿನಲ್ಲೇ ಉಸಿರು ಸಿಕ್ಕುತ್ತದೆ. ಮಧ್ಯಾಹ್ನ ಎರಡರ ಒಳಗೆ ಹೊರಡಿ. ನಾಲ್ಕಕ್ಕೆ ಹೊರಟವರು ಕತ್ತಲಲ್ಲಿ ಬೇರು ಎಡವುತ್ತಾರೆ, ಸಮಭಾಜಕದ ಹತ್ತಿರದ ಊರಾದ್ದರಿಂದ ಆರೂವರೆಗೆಲ್ಲ ಗವ್ವನೆ ಕತ್ತಲು. ನೀರು ತಲೆಗೆ ಒಂದೂವರೆ ಲೀಟರ್. ಮಳೆ ಬಿದ್ದಿದ್ದರೆ ಉಂಬಳ ಖಂಡಿತ. ಪ್ಯಾಂಟನ್ನು ಕಾಲುಚೀಲದ ಒಳಗೆ ಸೇರಿಸಿ, ಚೀಲಕ್ಕೆ ಸಾಬೂನು ಅಥವಾ ಹೊಗೆಸೊಪ್ಪಿನ ನೀರು ಸವರಿದರೆ ಸಾಕು, ಶಿರಸಿಯವರಿಗೆ ಹೊಸ ಪಾಠವೇನಲ್ಲ. ಅಂದಹಾಗೆ ಸಾಬೂನಿಗೆ ಅಲ್ಲೂ ‘ಸಾಬುನ್’ ಎಂದೇ ಹೇಳುತ್ತಾರೆ. ಕೊಂಕಣಿಯ ಜನೇಲ್ (ಕಿಟಕಿ) ಅಲ್ಲಿ ‘ಜೆಂದೆಲಾ’, ಎರಡೂ ಪೋರ್ಚುಗೀಸಿನಿಂದ ಬಂದದ್ದು. ಫ್ಲೋರೆಸ್ ಎಂಬ ಹೆಸರೂ ಪೋರ್ಚುಗೀಸರದ್ದೇ, ಹೂಗಳು ಅಂತ ಅರ್ಥ.

ಊರಿನ ಮೇಲ್ಗಡೆ ಒಂದು ಗುಡಿಸಲಿದೆ. ಅಲ್ಲಿ ಬಿದಿರಿನ ಗಿಲಕಿ ಬಡಿದು ‘ಬಂದೆವು’ ಎಂದು ತಿಳಿಸಬೇಕು. ನಂತರ ನೇರ ಹಿರಿಮನೆಗೆ. ಅಲ್ಲಿ ಹಿರಿಯರೊಬ್ಬರು ಪೂರ್ವಜರಿಗೆ ನಾಲ್ಕು ಮಾತು ಹೇಳಿ ಬಂದವರನ್ನು ಒಪ್ಪಿಸುತ್ತಾರೆ. ಇದಕ್ಕೆ ವಾಯೆ ಲುವು ಎನ್ನುತ್ತಾರೆ, ಸಣ್ಣ ಕಾಣಿಕೆ ಇಡುವುದು ಪದ್ಧತಿ. ಇದು ಮುಗಿಯುವವರೆಗೆ ಒಂದು ಫೋಟೊ ಕೂಡ ತೆಗೆಯುವಂತಿಲ್ಲ. ಹೆಚ್ಚಿನವರು ತಪ್ಪುವುದು ಇಲ್ಲೇ: ಮಂಜಿನೊಳಗಿಂದ ಮನೆಗಳು ಕಂಡಕೂಡಲೇ ಕೈ ಫೋನಿಗೆ ಹೋಗುತ್ತದೆ. ಅಂಗಳದ ನಡುವಿನ ಕಲ್ಲುಕಟ್ಟೆ ಚೊಂಪಾಂಗ್. ನಮ್ಮ ಚೌಡಿಕಟ್ಟೆ ಇದ್ದ ಹಾಗೆ ಎಂದುಕೊಳ್ಳಿ, ಹತ್ತಿ ಕೂರಬೇಡಿ. ಚಡ್ಡಿ, ತೋಳಿಲ್ಲದ ಅಂಗಿ ಬೇಡ.

ಬಂದವರಿಗೆ ಆಸರಿಗೆ ಕಾಫಿ. ಊರಿನ ತೋಟದ್ದೇ ಬೀಜ. ಪುಡಿ, ಸಕ್ಕರೆ ಲೋಟಕ್ಕೆ ಹಾಕಿ ಕುದಿನೀರು ಹೊಯ್ದರೆ ಆಯಿತು, ಸೋಸುವುದಿಲ್ಲ, ಹಾಲೂ ಇಲ್ಲ. ನಾಲ್ಕು ನಿಮಿಷ ಬಿಟ್ಟು ಗಸಿ ಕೆಳಗಿಳಿದ ಮೇಲೆ ಕುಡಿಯಿರಿ. ಕವಳದವರಿಗೂ ಒಂದು ಮಾತು: ಪೂರ್ವ ಇಂಡೊನೇಷ್ಯಾದ ಕಡೆ ಅಡಿಕೆ-ಸುಣ್ಣದ ಜೊತೆ ಎಲೆಗಿಂತ ಹೆಚ್ಚಾಗಿ ವೀಳ್ಯದ ಬಳ್ಳಿಯ ಉದ್ದನೆಯ ಕಾಯಿ ಹಾಕುತ್ತಾರೆ, ಹಿಪ್ಪಲಿಯ ಅಣ್ಣನಂತೆ ಕಾಣುತ್ತದೆ. ಖಾರ ಜಾಸ್ತಿ. ಊರಿಂದ ಹಸಿ ಎಲೆ-ಅಡಿಕೆ ಒಯ್ಯಲು ಹೋಗಬೇಡಿ, ಸಸ್ಯ ಕ್ವಾರಂಟೈನ್ ತಕರಾರು.

ಊಟ ಎಂದರೆ ಬಿಳಿ ಅನ್ನ, ಒಂದು ಸೊಪ್ಪು ಅಥವಾ ಸೀಮೆಬದನೆ, ಮೊಟ್ಟೆ ಇಲ್ಲವೇ ಕೋಳಿ, ಹಪ್ಪಳ, ಸಾಂಬಾಲ್ ಎಂಬ ಮೆಣಸಿನ ಚಟ್ನಿ. ‘ದಾಗಿಂಗ್ ತಿನ್ನುವುದಿಲ್ಲ’ ಎಂದಷ್ಟೇ ಹೇಳಿದರೆ ಕೆಲಸ ಕೆಡುತ್ತದೆ. ಆ ಪದಕ್ಕೆ ದನ, ಹಂದಿಯಂಥ ಮಾಂಸ ಎಂದೇ ಹಲವರ ಲೆಕ್ಕ, ಕೋಳಿ-ಮೀನು ಅದರೊಳಗೆ ಬರುವುದಿಲ್ಲ. ಬಿಡಿಸಿ ಹೇಳಿ: ತನ್ಪಾ ಆಯಾಮ್ (ಕೋಳಿ ಬೇಡ), ತನ್ಪಾ ಇಕಾನ್ (ಮೀನು ಬೇಡ), ತನ್ಪಾ ತೆಲುರ್ (ಮೊಟ್ಟೆ ಬೇಡ), ತನ್ಪಾ ತೆರಾಸಿ. ಕೊನೆಯದು ಸಿಗಡಿ ಹುದುಗಿಸಿದ ಪೇಸ್ಟು, ಸಾಂಬಾಲ್‌ನಲ್ಲಿ ಅಡಗಿರುತ್ತದೆ. ಹಪ್ಪಳವೂ ಹೆಚ್ಚಾಗಿ ಸಿಗಡಿಯದ್ದೇ. ಕಾರವಾರದವರಿಗೆ ಇದೆಲ್ಲ ಊರಿನ ರುಚಿ, ಎರಡನೇ ಸಲ ಕೇಳಿ ಹಾಕಿಸಿಕೊಳ್ಳಬಹುದು. ಘಟ್ಟದ ಮೇಲಿನ ಭಟ್ಟರು, ಹೆಗಡೆಯವರಿಗೆ ಉಳಿಯುವುದು ಅನ್ನ-ಸೊಪ್ಪು. ಚಟ್ನಿಪುಡಿ, ಬಿಗಿ ಮುಚ್ಚಳದ ಅಪ್ಪೆಮಿಡಿ ಉಪ್ಪಿನಕಾಯಿ ಇದ್ದರೆ ಎರಡು ಹೊತ್ತು ಸುಖವಾಗಿ ಕಳೆಯುತ್ತದೆ. ಬಾಟಲಿ ಕೈಚೀಲದಲ್ಲಿ ಬೇಡ, ಲಗೇಜಿಗೆ ಹಾಕಿ.

ಮಲಗುವುದು ಅತಿಥಿಮನೆಯಲ್ಲಿ, ಸುತ್ತ ಸಾಲಾಗಿ ಹಾಸಿದ ಚಾಪೆ, ತೆಳು ಹಾಸಿಗೆ, ದಿಂಬು, ಕಂಬಳಿ. ಗಂಡಸರು, ಹೆಂಗಸರು, ಪರದೇಶದವರು ಎಲ್ಲ ಒಂದೇ ಸೂರಿನಡಿ, ನಡುವೆ ಪರದೆ ಇಲ್ಲ. ಶೌಚಾಲಯ ಹೊರಗೆ, ಎಲ್ಲರಿಗೂ ಸೇರಿ, ತಣ್ಣೀರು. ಕರೆಂಟನ್ನು ನಂಬಿ ಕೂರಬೇಡಿ, ಇದ್ದಾಗಲೇ ಚಾರ್ಜ್ ಮಾಡಿಕೊಳ್ಳಿ. ಚಳಿ ಶಿರಸಿಯ ಮಾಘದ್ದು, ಒಂದು ದಪ್ಪ ಸ್ವೆಟರ್ ಸಾಕು. ಗೊರಕೆಗೆ ಮಾತ್ರ ಹತ್ತಿ ಒಯ್ಯಿರಿ.

ರಾತ್ರಿ ಊಟ, ಬೆಳಗಿನ ತಿಂಡಿ ಸೇರಿ ಬಹಳ ಕಾಲ ಇದ್ದ ದರ ತಲೆಗೆ 3,25,000 ರುಪಿಯಾ, ನಮ್ಮ ಲೆಕ್ಕದಲ್ಲಿ ಹದಿನೇಳು-ಹದಿನೆಂಟು ನೂರು ರೂಪಾಯಿ. ಸದ್ಯದ್ದನ್ನು ದೆಂಗೆಯಲ್ಲೇ ಕೇಳಿಕೊಂಡು ಹತ್ತಿ. ಸೌಕರ್ಯದ ಲೆಕ್ಕ ಹಾಕಿದರೆ ತುಟ್ಟಿ. ಬೆಳಿಗ್ಗೆ ಐದೂವರೆಗೆ ಎದ್ದು, ಮಾಡುಗಳಿಂದ ಹೊಗೆ ಏಳುವುದನ್ನು ನೋಡಿದರೆ ಅಗ್ಗ. ಹಗಲು ಬಂದು ಹಗಲೇ ಇಳಿಯುವವರಿಗೆ ದರ ಕಡಿಮೆ, ಆದರೆ ಅದೇ ಏರು-ಇಳಿತ ಒಂದೇ ದಿನ, ಅದೂ ಮಂಜು ಮುಸುಕಿದ ಮಧ್ಯಾಹ್ನಕ್ಕೆ. ಆ ಲಾಭ ಬೇಡ.

ಕಾಲ ತೋಟದವರಿಗೆ ಹೇಳಿ ಮಾಡಿಸಿದಂತಿದೆ. ಅಲ್ಲಿ ಮೇ-ಅಕ್ಟೋಬರ್ ಒಣಗಾಲ, ಅಂದರೆ ಇಲ್ಲಿ ಜಡಿಮಳೆ ಹೊಯ್ಯುವಾಗ ಅಲ್ಲಿ ಹಾದಿ ಒಣಗಿರುತ್ತದೆ. ಅಡಿಕೆಯ ಕೊಳೆರೋಗಕ್ಕೆ ಮೊದಲ ಮದ್ದು ಹೊಡೆಸಿ ಎರಡನೆಯದಕ್ಕೆ ಇರುವ ನಲವತ್ತು-ನಲವತ್ತೈದು ದಿನಗಳಲ್ಲಿ ಎಂಟು ದಿನ ತೆಗೆಯಬಹುದು. ನವೆಂಬರ್ ದಾಟಿದರೆ ಇಲ್ಲಿ ಕೊಯ್ಲು, ಅಲ್ಲಿ ಮಳೆ, ಎರಡೂ ಕಡೆ ನಷ್ಟ.

ಹೊರಡುವಾಗ ಕಾಫಿ ಕೊಳ್ಳುವುದಾದರೆ ಪುಡಿಗಿಂತ ಹುರಿದ ಬೀಜ ಕೇಳಿ, ಪುಡಿಯ ಪರಿಮಳ ಊರು ಮುಟ್ಟುವುದರೊಳಗೆ ಹೋಗಿರುತ್ತದೆ. ಇಳಿಯುವಾಗ ಕೋಲು ಹಿಡಿದೇ ಇಳಿಯಿರಿ, ಮಂಡಿ ಹಿಡಿಯುವುದು ಏರುವಾಗ ಅಲ್ಲ. ಮೇಲೆ ಫೋನ್ ಸಿಗ್ನಲ್ ಇಲ್ಲ, ಹಾಗಾಗಿ ಮರುದಿನ ಇಷ್ಟು ಗಂಟೆಗೆ ವಾಯೆ ಲೊಂಬಾಕ್ಕೆ ಬಾ ಎಂದು ಓಜೆಕ್‌ನವನಿಗೆ ಹತ್ತುವ ಮೊದಲೇ ಹೇಳಿಡಿ. ಮರೆತರೆ ದೆಂಗೆಯವರೆಗೂ ಕಾಲ್ನಡಿಗೆಯೇ.