ಬಿಸಿಲಿಗೆ ಕಪ್ಪಾಗುವ ಕನ್ನಡಕ: ಎರಡು ವರ್ಷ ಹಾಕಿಕೊಂಡ ಮೇಲೆ

ಬಿಸಿಲಿಗೆ ಕಾಲಿಟ್ಟರೆ ಈ ಕನ್ನಡಕ ಅರ್ಧ ನಿಮಿಷದಲ್ಲಿ ಕಪ್ಪಾಗುತ್ತದೆ. ಆ ವಿಷಯದಲ್ಲಿ ನನ್ನ ತಕರಾರಿಲ್ಲ. ತಕರಾರೆಲ್ಲ ಮನೆಯೊಳಗೆ ಬಂದ ಮೇಲೆ. ಕಪ್ಪಾಗಲು ತೋರಿಸಿದ ಆತುರವನ್ನು ಅದು ತಿಳಿಯಾಗಲು ತೋರಿಸುವುದಿಲ್ಲ. ಮೂರ್ನಾಲ್ಕು ನಿಮಿಷ ನಾನು ಚಪ್ಪಲಿ ಬಿಡುವ ಜಾಗವನ್ನೂ ತಡಕಾಡುತ್ತೇನೆ. "ಪತ್ತೇದಾರರು ಬಂದರು" ಎಂದು ಮಗಳು ನಗುತ್ತಾಳೆ.

ಪ್ಲಾಸ್ಟಿಕ್ ಮಸೂರದಲ್ಲಿರುವ ಬಣ್ಣದ ಅಣುಗಳು ನೇರಳಾತೀತ ಕಿರಣ ಬಿದ್ದೊಡನೆ ಬಿಚ್ಚಿಕೊಂಡು ಬೆಳಕನ್ನು ಹೀರುತ್ತವೆ. ಅವು ಮತ್ತೆ ಮುಚ್ಚಿಕೊಳ್ಳುವುದು ಮುಖ್ಯವಾಗಿ ಶಾಖದಿಂದ. ಹಾಗಾಗಿ ಚಳಿಯ ಬೆಳಗಿನಲ್ಲಿ ಕಡುಗಪ್ಪು. ಸುಡುವ ಮಧ್ಯಾಹ್ನ, ಅಂದರೆ ನಿಜಕ್ಕೂ ಬೇಕಾದಾಗ, ಪೇಲವ. 1960ರ ದಶಕದಲ್ಲಿ ಕಾರ್ನಿಂಗ್ ಕಂಪನಿ ರೂಪಿಸಿದ ಗಾಜಿನ ಮಸೂರಗಳಲ್ಲಿ ಈ ಕೆಲಸವನ್ನು ಬೆಳ್ಳಿಯ ಹ್ಯಾಲೈಡ್ ಹರಳುಗಳು ಮಾಡುತ್ತಿದ್ದವು.

ಮಾರಿದವರು ಹೇಳದೆ ಬಿಟ್ಟ ಸಂಗತಿಯೊಂದಿದೆ. ಕಾರಿನ ಮುಂಗಾಜು ನೇರಳಾತೀತ ಕಿರಣಗಳನ್ನು ಬಹುಪಾಲು ತಡೆಯುವುದರಿಂದ ಒಳಗೆ ಕುಳಿತವರಿಗೆ ಈ ಮಸೂರ ಅಷ್ಟಾಗಿ ಕಪ್ಪಾಗುವುದೇ ಇಲ್ಲ. ಮೊದಲ ದೂರದ ಪ್ರಯಾಣದಲ್ಲಿ ಸಂಜೆಯ ಸೂರ್ಯ ಎದುರಿಗೇ ಇದ್ದ, ಕನ್ನಡಕ ನೀರಿನಷ್ಟು ತಿಳಿಯಾಗಿತ್ತು! ಅಂದಿನಿಂದ ಕಾರು ಓಡಿಸಲು ಬೇರೆ ತಂಪು ಕನ್ನಡಕ ಇಟ್ಟುಕೊಂಡಿದ್ದೇನೆ.

ಈಗೀಗ ನೆರಳಿನಲ್ಲೂ ಮಸೂರದಲ್ಲಿ ತೆಳು ಹಳದಿ ಛಾಯೆ ಉಳಿಯುತ್ತಿದೆ, ಅಣುಗಳಿಗೂ ವಯಸ್ಸಾಗುತ್ತದೆ. ಐದಕ್ಕೆ ಮೂರು ಅಂಕ ಕೊಡುತ್ತೇನೆ. ಆದರೂ ನಡಿಗೆಗೆ, ಗಿಡಗಳಿಗೆ ನೀರು ಹಾಕಲು ಕೈ ಹೋಗುವುದು ಇದಕ್ಕೇ. ನಂಬರ್ ಬದಲಾದರೆ ಮತ್ತೆ ಇಂಥದ್ದನ್ನೇ ಕೊಳ್ಳುತ್ತೇನೆ.