ರೆಡಿಮೇಡ್ ಫೋಮ್ ಕವಚ, ಎರಡು ವರ್ಷ ಹಾಕಿದ ಮೇಲೆ: ಕಟರ್ ಹಿಡಿಯುವ ಧೈರ್ಯ ಇದ್ರೆ ತಗೊಳ್ಳಿ

ಬಣ್ಣಕ್ಕೆ ಫುಲ್ ಮಾರ್ಕ್ಸ್, ಫಿಟ್ಟಿಂಗಿಗೆ ಪಾಸಾಗುವಷ್ಟೂ ಕೊಡ್ಲಿಕ್ಕೆ ಆಗುದಿಲ್ಲ. ಡೊಂಬಿವ್ಲಿಯ ನಮ್ಮ ಹವ್ಯಾಸಿ ನಾಟಕ ತಂಡಕ್ಕೆ ಅಂತ ಆನ್‌ಲೈನಲ್ಲಿ ತರಿಸಿದ ಇವಿಎ ಫೋಮಿನ (ರಬ್ಬರಿನ ಹಾಗೆ ಬಗ್ಗುವ ಹಗುರ ಹಾಳೆ) ಸೆಟ್ ಇದು, ಎದೆ-ಬೆನ್ನಿನ ಪೀಸು, ಎರಡು ಭುಜ, ಕೈಕಟ್ಟು, ತೊಡೆ ಮೇಲೆ ಇಳಿಬೀಳುವ ಪಟ್ಟಿಗಳು, ಎಲ್ಲ ಸೇರಿ ಏಳು ಸಾವಿರ ಚಿಲ್ಲರೆ. ನಾಟಕಕ್ಕೂ ಇದೇ, ಅಕ್ಕನ ಮಗ ಕಾಮಿಕ್ ಕಾನ್‌ಗೆ, ಅಂದ್ರೆ ಕಾಮಿಕ್ಸ್ ಪಾತ್ರಗಳ ವೇಷ ಹಾಕಿ ಸೇರುವ ಮೇಳಕ್ಕೆ, ಹಾಕ್ಕೊಂಡು ಹೋಗುದೂ ಇದೇ. ಸ್ಟೇಜ್ ಲೈಟಲ್ಲಿ ಮೂರನೇ ಸಾಲಿನಿಂದ ನೋಡಿದ್ರೆ ಕಬ್ಬಿಣ ಅಲ್ಲ ಅಂತ ಯಾರೂ ಹೇಳ್ಲಿಕ್ಕಿಲ್ಲ, ಅದರಲ್ಲಿ ಎರಡು ಮಾತಿಲ್ಲ.

ತಕರಾರು ಶುರುವಾಗುದು ಸೈಜ್ ಚಾರ್ಟಿನಿಂದ. ಅದರಲ್ಲಿ ಇರುದು ಎದೆ ಸುತ್ತಳತೆ ಒಂದೇ, ಅದೂ ಕವಚದ ಹೊರಗಿನಿಂದ ಟೇಪ್ ಹಿಡಿದು ತೆಗೆದದ್ದು. ಫೋಮ್ 10 ಮಿ.ಮೀ. ದಪ್ಪ. ದುಂಡಗೆ ಬಗ್ಗಿಸಿದಾಗ ಹೊರಸುತ್ತಿಗೂ ಒಳಸುತ್ತಿಗೂ ಹತ್ತಿರ ಹತ್ತಿರ 6 ಸೆಂ.ಮೀ. ವ್ಯತ್ಯಾಸ ಬರ್ತದೆ, ಅಂದ್ರೆ 42 ಇಂಚು ಅಂತ ಬರೆದದ್ದರ ಒಳಗೆ ನಿಮಗೆ ಸಿಗುದು ನಲವತ್ತಕ್ಕೂ ಸ್ವಲ್ಪ ಕಮ್ಮಿ, ಅದರೊಳಗೆ ಕುರ್ತಾ ಬೇರೆ ಹಾಕ್ಬೇಕು, ಉಸಿರೂ ಎಳಿಬೇಕು. ಹಾಗಾಗಿ ಅಳತೆ ತೆಗೆಯುವಾಗ ಒಳಗೆ ಹಾಕುವ ಬಟ್ಟೆ ಹಾಕ್ಕೊಂಡೇ, ಪೂರ್ತಿ ಉಸಿರು ತಗೊಂಡೇ ತೆಗೀರಿ. ಡೈಲಾಗ್ ಹೇಳುವವರಿಗೆ ಇದು ಇನ್ನೂ ಮುಖ್ಯ.

ಅಗಲಕ್ಕಿಂತ ದೊಡ್ಡ ತೊಂದರೆ ಉದ್ದದ್ದು. ಎದೆ ಪೀಸು ಹೊಕ್ಕುಳಿಗಿಂತ ಕೆಳಗೆ ಬರ್ತದೆ. ನಿಂತಾಗ ಭರ್ಜರಿ ಕಾಣ್ತದೆ, ಆದ್ರೆ ರಾಜ ಸಿಂಹಾಸನದಲ್ಲಿ ಕೂತ ಕೂಡ್ಲೆ ಕೆಳಗಿನ ಅಂಚು ತೊಡೆಗೆ ತಾಗಿ ಇಡೀ ಕವಚ ಮೇಲೆ ಎದ್ದು ಗದ್ದಕ್ಕೆ ಬಡೀತದೆ, ಮತ್ತೆ ಎಂಥ ಡೈಲಾಗ್ ಮಾರಾಯ್ರೆ. ನಿಜವಾದ ಲೋಹದ ಕವಚ ಮಾಡುವವರಿಗೆ ಇದು ಗೊತ್ತಿತ್ತು. ಯುರೋಪಿನ 15ನೇ ಶತಮಾನದ ಪೂರ್ತಿ ಕವಚ 15ರಿಂದ 25 ಕೆ.ಜಿ. ತೂಗ್ತಿತ್ತು, ಆದ್ರೂ ಅದನ್ನು ಹಾಕ್ಕೊಂಡು ಕುದುರೆ ಹತ್ತುತ್ತಿದ್ರು, ಯಾಕಂದ್ರೆ ಎದೆಯ ತಗಡು ಸೊಂಟದ ಸಣ್ಣ ಜಾಗಕ್ಕೇ ನಿಲ್ತಿತ್ತು, ಅಲ್ಲಿಂದ ಕೆಳಗಿನದ್ದೆಲ್ಲ ಬೇರೆ ಬೇರೆ ಪಟ್ಟಿ. ಆ ಜಾಗ ಹುಡುಕ್ಲಿಕ್ಕೆ ಸುಲಭ, ಒಂದು ಪಕ್ಕಕ್ಕೆ ವಾಲಿ, ಎಲ್ಲಿ ಮಡಿಕೆ ಬೀಳ್ತದೆ ಅಲ್ಲಿ ಸ್ಕೆಚ್ ಪೆನ್ನಿನಿಂದ ಗುರುತು ಹಾಕಿ. ನಾನು ಆ ಗೆರೆಯಲ್ಲೇ ಕತ್ತರಿಸಿ ತೆಗೆದೆ, ತೊಡೆಯ ಪಟ್ಟಿಗಳನ್ನು ಕವಚದಿಂದ ಬಿಡಿಸಿ ಅಗಲದ ಬೆಲ್ಟಿಗೆ ನೇತುಹಾಕಿದೆ. ಭಾರ ಹೆಗಲಿನಿಂದ ಸೊಂಟಕ್ಕೆ ಇಳೀತು, ಕೂತರೂ ಅಲುಗಾಡುದಿಲ್ಲ ಈಗ.

ಆಮೇಲೆ ಕಂಕುಳು. ಇದರಲ್ಲಿ ಹಿಂದೆ-ಮುಂದೆ ಒಂದೇ ಅಚ್ಚಿನ ಕಟಿಂಗ್, ಆದ್ರೆ ಮನುಷ್ಯನ ಕೈ ಓಡಾಡುದು ಹೆಚ್ಚು ಮುಂದಕ್ಕೆ ಅಲ್ವಾ, ಮುಂದಿನ ಬದಿಯನ್ನು ಜಾಸ್ತಿ ಕೊರೀಬೇಕು, ಟೈಲರಿಗೆ ಕೇಳಿದ್ರೂ ಅದೇ ಹೇಳ್ತಾನೆ. ಎರಡೂ ಕೈಯಿಂದ ನಿಮ್ಮನ್ನೇ ನೀವು ಅಪ್ಪಿಕೊಳ್ಳಿ, ಅಂಚು ಚುಚ್ಚಿದ್ರೆ ಇನ್ನೂ ತೆಗೀಬೇಕು ಅಂತ ಅರ್ಥ. ಒಮ್ಮೆಲೆ ತೆಗೀಬೇಡಿ, ಅರ್ಧ ಇಂಚಿನ ಹಾಗೆ ತೆಗೆದು ಹಾಕಿ ನೋಡಿ.

ನನಗೆ ಅತಿ ಹೆಚ್ಚು ಉಪಯೋಗ ಆದದ್ದು ಪರ್ಷಿಯಾ ಮತ್ತು ಮೊಘಲರ ಕಡೆಯ ಚಾರ್ ಆಯ್ನಾ, ಅಂದ್ರೆ ನಾಲ್ಕು ಫಲಕದ ಕವಚ. ಎದೆಗೊಂದು, ಬೆನ್ನಿಗೊಂದು, ಎರಡು ಪಕ್ಕಕ್ಕೆ ಒಂದೊಂದು, ಪಕ್ಕದ್ದಕ್ಕೆ ಕಂಕುಳು ಕೂರುವ ಹಾಗೆ ಮೇಲೆ ಅರ್ಧಚಂದ್ರದ ಕಟ್, ಎಲ್ಲ ಸೇರಿಸುದು ಪಟ್ಟಿಯಲ್ಲಿ. ನಾನೂ ಈ ಫೋಮಿನ ಪಕ್ಕಗಳನ್ನು ಬಿಡಿಸಿ ನಾಲ್ಕು ಪೀಸು ಮಾಡಿ ನಡುವೆ ಎಲಾಸ್ಟಿಕ್ ಕೊಟ್ಟೆ. ಈಗ ಸಪೂರದ ಅಭಿಮನ್ಯುವಿಗೂ ಆಗ್ತದೆ, ಹೊಟ್ಟೆ ಇರುವ ದುರ್ಯೋಧನನಿಗೂ ಆಗ್ತದೆ. ಚೌಕಿಯಲ್ಲಿ, ಅಂದ್ರೆ ವೇಷ ಕಟ್ಟುವ ಕೋಣೆಯಲ್ಲಿ, ಯಕ್ಷಗಾನದವರು ಕಟ್ಟುದು ನೋಡಿದವರಿಗೆ ಇದು ಹೊಸತೇನಲ್ಲ, ಭುಜಕೀರ್ತಿ ಎದೆಪದಕ ಎಲ್ಲ ದಾರದಲ್ಲಿ ಬಿಗಿದು ಕಟ್ಟುದು, ಹಾಗಾಗಿ ಒಂದೇ ಸೆಟ್ಟು ಎಷ್ಟೋ ಜನರ ಮೈಗೆ ಕೂರ್ತದೆ. ಈ ಆನ್‌ಲೈನಿನವರು ಒಂದು ರಾತ್ರಿ ಚೌಕಿಯಲ್ಲಿ ಕೂತು ನೋಡ್ಬೇಕಿತ್ತು.

ಕಿತ್ತೂರು ಚೆನ್ನಮ್ಮ ಮಾಡಿದ ನಮ್ಮ ತಂಡದ ಅಕ್ಕನಿಗೆ ಎದೆ ಪೀಸು ಚಪ್ಪಟೆಯಾಗಿ ಒತ್ತುತ್ತಿತ್ತು. ಬ್ಲೌಸಿಗೆ ಟಕ್ಸ್ ಹಿಡಿಯುವ ಹಾಗೆ ಒಳಗಿನಿಂದ ವಿ ಆಕಾರ ತೆಗೆದು ಅಂಟಿಸಿದ ಮೇಲೆ ಸರಿಯಾಯ್ತು. ಹೆಂಗಸರಿಗೆ ಬೇರೆ ಪ್ಯಾಟರ್ನೇ ಇಲ್ಲ ಇವರ ಹತ್ರ, ಸ್ಮಾಲ್ ಸೈಜ್ ಅಂದ್ರೆ ಲೇಡೀಸ್ ಅಂತ ಲೆಕ್ಕ!

ವೆಲ್ಕ್ರೋ ಬಗ್ಗೆ ಹೆಚ್ಚು ಹೇಳುದಿಲ್ಲ. ಬೆವರಿಗೆ ಬಿಡ್ತದೆ, ನೂಲು ಹಿಡ್ಕೊಂಡ ಮೇಲೆ ಅಂಟುದೇ ಇಲ್ಲ, ಎಲ್ಲಕ್ಕಿಂತ ಕೆಟ್ಟದ್ದು ಸೈಡ್ ವಿಂಗಿನಲ್ಲಿ ಬಿಚ್ಚುವಾಗ ಬರುವ ಚರ್ರ್ ಸದ್ದು, ಸ್ಟೇಜಿನಲ್ಲಿ ಯಾರೋ ಸಾಯ್ತಾ ಇರ್ತಾರೆ. ಬ್ಯಾಗ್ ರಿಪೇರಿಯವನ ಹತ್ರ ಪ್ಲಾಸ್ಟಿಕ್ ಬಕಲ್ ಹಾಕಿಸಿ, ಜುಜುಬಿ ಖರ್ಚು. ಅಂಟು ಮೊದಲ ಮಳೆಗಾಲಕ್ಕೇ ಭುಜದ ಜೋಡಣೆಯಲ್ಲಿ ಬಾಯಿ ಬಿಟ್ಟಿತು. ಮಾರಿದವರಿಗೆ ಫೋಟೋ ಕಳಿಸಿದ್ರೆ ವಾರಂಟಿ ಮುಗಿದಿದೆ ಅಂತ ಒಂದು ಸಾಲು ಬಂತು, ಅಷ್ಟೇ. ಫೆವಿಕಾಲ್ ಎಸ್‌ಆರ್ 998 ಎರಡೂ ಬದಿಗೆ ತೆಳ್ಳಗೆ ಸವರಿ, ಕೈಗೆ ಅಂಟದಷ್ಟು ಒಣಗಿದ ಮೇಲೆ ಒತ್ತಿ ಹಿಡಿದದ್ದು ಇವತ್ತಿನವರೆಗೂ ಬಿಟ್ಟಿಲ್ಲ. ಕಿಟಕಿ ತೆರೆದಿಟ್ಟೇ ಮಾಡಿ, ವಾಸನೆಗೆ ತಲೆ ಸುತ್ತುತದೆ. ಫೋಮ್ ಬಗ್ಗಿಸ್ಲಿಕ್ಕೆ ಹೀಟ್ ಗನ್ (ಬಿಸಿಗಾಳಿ ಊದುವ ಯಂತ್ರ) ಹಿಡಿಯುದಾದ್ರೆ ಒಳಬದಿಯಿಂದಲೇ, ಹೊರಗಿನಿಂದ ಹಿಡಿದ್ರೆ ಬಣ್ಣ ಗುಳ್ಳೆ ಎದ್ದು ಹೋಗ್ತದೆ. ಬೇಸಿಗೆಯಲ್ಲಿ ಮುಚ್ಚಿದ ಕಾರಿನೊಳಗೆ ಇಡ್ಬೇಡಿ, ಆಕಾರ ಕೆಡ್ತದೆ, ಮನೆಯಲ್ಲಿ ಅಟ್ಟಕ್ಕೆ ತುರುಕುದಾದ್ರೂ ಒಳಗೆ ಪೇಪರ್ ತುಂಬಿಸಿ ಇಡಿ.

ಹೊಸದಾಗಿ ಮಾಡಿಸಿದ್ರೆ ಇದಕ್ಕಿಂತ ಚಂದ ಕೂರ್ತಿತ್ತು, ಆದ್ರೆ ಈ ರೇಟಿಗೆ ಆಗ್ತಿರ್ಲಿಲ್ಲ, ಹಾಗಾಗಿ ತಗೊಂಡದ್ದಕ್ಕೆ ಬೇಜಾರಿಲ್ಲ. ಪೆಟ್ಟಿಗೆಯಿಂದ ತೆಗೆದು ನೇರ ಸ್ಟೇಜಿಗೆ ಹೋಗುವ ಯೋಚನೆ ಇರುವವರಿಗೆ ಬೇಡ. ಈಗ ಮೂರು ಸ್ಟಾರ್, ಕುತ್ತಿಗೆಯಿಂದ ಸೊಂಟದವರೆಗೆ ಎಷ್ಟು ಉದ್ದ ಅಂತ ಆ ಸೈಜ್ ಚಾರ್ಟಿನಲ್ಲಿ ಹಾಕಿದ ದಿನ ಇನ್ನೊಂದು ಸೇರಿಸ್ತೇನೆ.